ಮಹಾಮಾರಿಯೂ ದಂಪತಿಗಳ ದುಡಿಮೆಯೂ

೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೋವಿಡ್ ಮಹಾಮಾರಿಯು ನಮ್ಮ ನಾಡನ್ನು ಹೊಕ್ಕು ಈಗ ಐದು ವರ್ಷಗಳ ಮೇಲಾಯಿತು. ಆ ತಿಂಗಳ ೨೪ರ ನಡುರಾತ್ರಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ೨೦೨೩ರ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆಯವರು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿದರು. ಮಡಿದವರ ಲೆಕ್ಕವನ್ನು ಆರೋಗ್ಯ ಇಲಾಖೆಯವರೂ, ಬೊಕ್ಕಸಕ್ಕೆ ಬಿದ್ದ ಖೋತಾದ ಲೆಕ್ಕವನ್ನು ಹಣಕಾಸಿನವರೂ, ಮುಚ್ಚಿದ ಅಂಗಡಿ ಕಾರ್ಖಾನೆಗಳ ಲೆಕ್ಕವನ್ನು ವರ್ತಕ ಮಂಡಲಿಗಳವರೂ ಬರೆದಿಟ್ಟುಕೊಂಡಿದ್ದಾರೆ. ಒಂದು ಲೆಕ್ಕವನ್ನು ಮಾತ್ರ ಯಾವ ಇಲಾಖೆಯವರೂ ತಮ್ಮದೆಂದು ಎತ್ತಿಕೊಂಡಿಲ್ಲ. ಒಂದೇ ಸೂರಿನ ಕೆಳಗೆ ಬಾಳುವ ಗಂಡ ಹೆಂಡಿರಲ್ಲಿ ಸಂಬಳದ ದುಡಿಮೆಗೆ ಯಾರಿಗೆ ಎಷ್ಟು ಗಂಟೆ ಸಲ್ಲುತ್ತಿತ್ತು, ಮಹಾಮಾರಿಯಲ್ಲಿ ಯಾರ ಗಂಟೆ ಕರಗಿತು, ಕರಗಿದ್ದು ಮರಳಿ ಬಂದಿತೇ ಎಂಬುದೇ ಆ ಲೆಕ್ಕ. ಇಂದು ವಾಚಕ ಮಹಾಶಯರ ಮುಂದೆ ಆ ವಿಷಯವನ್ನೇ ಇಡಬಯಸುತ್ತೇವೆ.

ದೂರ ಹೋಗಬೇಕಾಗಿಲ್ಲ, ನಮ್ಮ ನಗರದ ದಕ್ಷಿಣದಂಚಿನ ಅಂಜನಾಪುರವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದವರು ಹಳ್ಳಿಯ ಹೊಲಗಳ ಮೇಲೆ ಗೆರೆ ಹಾಕಿ ರಚಿಸಿದ ಬಡಾವಣೆ ಇದು. ಒಂದು ಕಡೆ ಜೆ.ಪಿ. ನಗರದ ಒಂಬತ್ತನೆಯ ಹಂತ, ಮತ್ತೊಂದು ಕಡೆ ಗೊಟ್ಟಿಗೆರೆ. ಕನಕಪುರ ರಸ್ತೆಗೆ ಬಂದರೆ ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆ. ಇಲ್ಲಿಯ ಒಂದೇ ಅಡ್ಡರಸ್ತೆಯಲ್ಲಿ ಮೂರು ಬಗೆಯ ದಂಪತಿಗಳನ್ನು ಕಾಣಬಹುದು. ಮೊದಲನೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಗಣಕಯಂತ್ರದ ಕಂಪನಿಗಳಲ್ಲಿ ಉದ್ಯೋಗಿಗಳು. ಎರಡನೆಯದರಲ್ಲಿ ಗಂಡ ಯಾವುದೋ ಕಚೇರಿಯ ಗುಮಾಸ್ತ, ಹೆಂಡತಿ ಖಾಸಗಿ ಶಾಲೆಯ ಉಪಾಧ್ಯಾಯಿನಿ. ಹಿಂದಿನ ವಠಾರದ ಮೂರನೆಯ ಮನೆಯಲ್ಲಿ ಗಂಡ ಆಟೋ ಓಡಿಸುವವನೋ ಗಾರೆ ಕೆಲಸದವನೋ ಆಗಿದ್ದರೆ, ಹೆಂಡತಿ ಬೆಳಗಾದರೆ ಗಾರ್ಮೆಂಟ್ಸಿಗೋ ನಾಲ್ಕು ಮನೆಯ ಪಾತ್ರೆ ಬಟ್ಟೆಗೋ ಹೊರಡುವವಳು. ಈ ಮೂರು ಮನೆಗಳಿಗೂ ಮಹಾಮಾರಿಯು ಒಂದೇ ದಿನ ಬಂದಿತು. ಆದರೆ ಮೂರರಲ್ಲಿಯೂ ಅದು ಗಂಡನ ಗಡಿಯಾರವನ್ನು ಒಂದು ರೀತಿಯಾಗಿಯೂ ಹೆಂಡತಿಯ ಗಡಿಯಾರವನ್ನು ಮತ್ತೊಂದು ರೀತಿಯಾಗಿಯೂ ಕೆಡಿಸಿತು.

ಇದರಲ್ಲೊಂದು ವಿಪರ್ಯಾಸವೂ ಉಂಟು. ನಗರದ ಮೆಟ್ರೋ ರೈಲು ಯಲಚೇನಹಳ್ಳಿಯಿಂದ ಮುಂದುವರಿದು ಅಂಜನಾಪುರದ ದಿಕ್ಕಿಗೆ, ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೆ ಬಂದದ್ದು ೨೦೨೧ರ ಜನವರಿ ೧೪ರಂದು. ಜಯನಗರಕ್ಕೂ ಮೆಜೆಸ್ಟಿಕ್ಕಿಗೂ ಹೋಗಿ ದುಡಿದು ಬರಲು ಎಷ್ಟೋ ವರ್ಷಗಳಿಂದ ಜನರು ಬೇಡುತ್ತಿದ್ದ ದಾರಿ ಆ ದಿನ ತೆರೆಯಿತು. ಆದರೆ ಆ ದಿನದ ಹೊತ್ತಿಗೆ ಈ ಭಾಗದ ಅನೇಕ ಹೆಂಗಸರಿಗೆ ಆ ದಾರಿಯಲ್ಲಿ ಹೋಗಿ ಸೇರಬೇಕಾಗಿದ್ದ ಕೆಲಸವೇ ಉಳಿದಿರಲಿಲ್ಲ.

ಬೆಂಗಳೂರಿಗೆ ಮಹಾಮಾರಿ ಹೊಸತಲ್ಲ. ೧೮೯೮ರಲ್ಲಿ ಪ್ಲೇಗು ಬಂದಿತು. ಊರು ಬಯಲಿಗೆ ಗುಳೆ ಹೋಯಿತು. ಆ ಬಳಿಕ ಗಾಳಿ ಬೆಳಕುಳ್ಳ ಬಸವನಗುಡಿ ಮಲ್ಲೇಶ್ವರಗಳು ಬೆಳೆದವು. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂದಾಗ ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚಿನ ಪ್ರಮಾಣದಲ್ಲಿ ಮಡಿದರು. ರೋಗಿಗಳ ಹಾಸಿಗೆಯ ಬಳಿ ಕುಳಿತಿದ್ದವರು ಅವರೇ ಎಂಬುದು ಅದಕ್ಕೆ ಕೊಡಲಾದ ಕಾರಣಗಳಲ್ಲೊಂದು. ಪ್ರತಿಯೊಂದು ಪಿಡುಗೂ ಊರಿನ ರೂಪವನ್ನು ಬದಲಿಸಿ ಹೋಗಿದೆ. ಪ್ಲೇಗು ಬದಲಿಸಿದ್ದು ಬೀದಿಗಳನ್ನಾದುದರಿಂದ ಅದು ಕಣ್ಣಿಗೆ ಕಂಡಿತು. ಕೋವಿಡ್ ಬದಲಿಸಿದ್ದು ಮನೆಯ ಒಳಗಿನ ಹೊತ್ತಿನ ಹಂಚಿಕೆಯನ್ನು. ಅದು ನಕ್ಷೆಯಲ್ಲಿ ಕಾಣಲಾರದು.

ಹಾಗೆಂದು ಇದಕ್ಕೆ ಪ್ರಮಾಣವಿಲ್ಲವೆಂದು ಯಾರೂ ಹೇಳಕೂಡದು. ನಮ್ಮ ನಗರದಲ್ಲಿಯೇ ಇರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯದವರು ೨೦೨೧ರಲ್ಲಿ ಪ್ರಕಟಿಸಿದ ದೇಶದ ದುಡಿಮೆಯ ವರದಿಯನ್ನು ನೋಡಬಹುದು. ಮಹಾಮಾರಿಗೆ ಮುಂಚೆ ಕೆಲಸದಲ್ಲಿದ್ದ ಗಂಡಸರ ಪೈಕಿ ಲಾಕ್‌ಡೌನಿನಲ್ಲಿಯೂ ಅನಂತರದಲ್ಲಿಯೂ ಕೆಲಸವನ್ನು ಉಳಿಸಿಕೊಂಡವರು ನೂರಕ್ಕೆ ೬೧ ಮಂದಿ. ಕೆಲಸ ಕಳೆದುಕೊಂಡು ಆ ವರ್ಷದ ಕೊನೆಯವರೆಗೂ ಮರಳದವರು ನೂರಕ್ಕೆ ೭ ಮಂದಿ ಮಾತ್ರ. ಅದೇ ಹೆಂಗಸರ ಪೈಕಿ ಕೆಲಸ ಉಳಿಸಿಕೊಂಡವರು ನೂರಕ್ಕೆ ೧೯. ಕಳೆದುಕೊಂಡು ಮರಳದವರು ನೂರಕ್ಕೆ ೪೭. ಈ ನಾಲ್ಕು ಸಂಖ್ಯೆಗಳನ್ನು ವಾಚಕರು ಇನ್ನೊಮ್ಮೆ ಓದಬೇಕೆಂದು ಬೇಡುತ್ತೇವೆ. ಬಿರುಗಾಳಿ ಬೀಸಿದಾಗ ಗಂಡಸು ಬಾಗಿದನು, ಬಹುಮಟ್ಟಿಗೆ ಮತ್ತೆ ನೆಟ್ಟಗಾದನು. ಹೆಂಗಸು ಬೇರು ಸಹಿತ ಕಿತ್ತುಹೋದಳು.

ಅನ್ಯ ದೇಶಗಳಲ್ಲಿಯೂ ಗಾಳಿ ಬೀಸಿದ ದಿಕ್ಕು ಇದೇ. ಅಮೆರಿಕದಲ್ಲಿ ೨೦೨೦ರ ಫೆಬ್ರವರಿಯಿಂದ ಏಪ್ರಿಲಿನವರೆಗೆ, ಎಳೆಯ ಮಕ್ಕಳಿರುವ ಮನೆಗಳಲ್ಲಿ ತಂದೆಯರ ಸಂಬಳದ ಗಂಟೆಗಳು ಇಳಿದುದಕ್ಕಿಂತ ತಾಯಂದಿರ ಗಂಟೆಗಳು ನಾಲ್ಕೈದು ಪಾಲು ಹೆಚ್ಚಾಗಿ ಇಳಿದುವೆಂದು ಅಲ್ಲಿಯ ಸಮಾಜಶಾಸ್ತ್ರಜ್ಞರು ಲೆಕ್ಕ ಹಾಕಿದರು. ಇಂಗ್ಲೆಂಡಿನ ಹಣಕಾಸು ಅಧ್ಯಯನ ಸಂಸ್ಥೆಯವರು ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಯನ್ನು ಕಂಡರು. ಮನೆಯಿಂದ ಕೆಲಸ ಮಾಡುತ್ತಿದ್ದ ತಾಯಂದಿರ ಸಂಬಳದ ಗಂಟೆಗಳಲ್ಲಿ ನೂರಕ್ಕೆ ೪೭ ಭಾಗವು ಮಗುವಿನ ಆರೈಕೆಯೇ ಮೊದಲಾದ ಇನ್ನೊಂದು ಕೆಲಸದೊಡನೆ ಬೆರೆತಿತ್ತು. ತಂದೆಯರಲ್ಲಿ ಅದು ನೂರಕ್ಕೆ ೩೦. ಅಂದರೆ ಗಂಟೆಯ ಲೆಕ್ಕದಲ್ಲಿ ಇಬ್ಬರೂ ಸಮನಾಗಿ ದುಡಿದಂತೆ ಕಂಡಲ್ಲಿಯೂ ಗಂಡನ ಗಂಟೆ ಇಡಿಯ ಗಂಟೆ, ಹೆಂಡತಿಯ ಗಂಟೆ ಚೂರು ಚೂರಾದ ಗಂಟೆ.

ಇಷ್ಟಾದುದಕ್ಕೆ ಕಾರಣಗಳಾವುವು? ಮೊದಲನೆಯದು, ಹೆಂಗಸರಿಗೆ ನಮ್ಮ ಸಮಾಜವು ಬಿಟ್ಟುಕೊಟ್ಟಿರುವ ಕಸುಬುಗಳೇ ಮೊದಲು ಮುಚ್ಚಿದುವು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ಕೂರುವವರು ಬಹುಪಾಲು ಹೆಂಗಸರು. ಪರದೇಶದ ವ್ಯಾಪಾರಿಗಳು ಆರ್ಡರು ನಿಲ್ಲಿಸಿದೊಡನೆ ಆ ಯಂತ್ರಗಳೂ ನಿಂತುವು. ೨೦೨೦ರ ಜೂನಿನಲ್ಲಿ ಶ್ರೀರಂಗಪಟ್ಟಣದ ಒಂದೇ ಕಾರ್ಖಾನೆಯಿಂದ ಸುಮಾರು ೧,೨೦೦ ಮಂದಿ ಕೆಲಸಗಾರರು ಹೊರಬಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಅವರು ತಿಂಗಳಾನುಗಟ್ಟಲೆ ಕಾರ್ಖಾನೆಯ ಬಾಗಿಲಲ್ಲಿ ಕುಳಿತು ಹೋರಾಡಿದ್ದು ರಾಜ್ಯಕ್ಕೆಲ್ಲ ತಿಳಿದ ಮಾತು. ಮನೆಗೆಲಸದವರನ್ನು ಅಪಾರ್ಟ್‌ಮೆಂಟುಗಳ ಸಂಘಗಳವರು ಗೇಟಿನಲ್ಲಿಯೇ ತಡೆದರು. ರೋಗವನ್ನು ವಿಮಾನದಲ್ಲಿ ತಂದವರು ಒಳಗೂ, ತಾರದವರು ಹೊರಗೂ ನಿಂತರು. ೨೦೨೧ರ ಮೇ ತಿಂಗಳಲ್ಲಿ ಸರಕಾರದವರು ಮನೆಗೆಲಸದವರಿಗೆ ಪ್ರಕಟಿಸಿದ ಪರಿಹಾರ ೨,೦೦೦ ರೂಪಾಯಿ. ಮುಂದಿನ ತಿಂಗಳು ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಪ್ರಕಟಿಸಿದ್ದು ೫,೦೦೦ ರೂಪಾಯಿ. ವರ್ಷದ ಸಂಬಳ ಹೋದವರಿಗೆ ಅದು ತಿಂಗಳ ದಿನಸಿಗಾದರೂ ಸಾಕಾಗಿತ್ತೋ ಇಲ್ಲವೋ ವಾಚಕರೇ ಊಹಿಸಬಹುದು.

ಹೆಚ್ಚು ದುಡಿದ ಹೆಂಗಸರೂ ಇದ್ದರು; ಅವರನ್ನು ಮರೆತರೆ ಅನ್ಯಾಯವಾದೀತು. ರಾಜ್ಯದ ಸುಮಾರು ೪೨,೦೦೦ ಆಶಾ ಕಾರ್ಯಕರ್ತೆಯರು ಮನೆ ಮನೆಯ ಕದ ತಟ್ಟಿ ಜ್ವರದ ಲೆಕ್ಕ ಬರೆದರು. ಹಗಲು ಮುಗಿದರೂ ಅವರ ಕೆಲಸ ಮುಗಿಯಲಿಲ್ಲ. ಆದರೆ ಅವರ ಗಂಟೆ ಬೆಳೆದಂತೆ ಗೌರವಧನ ಬೆಳೆಯಲಿಲ್ಲ. ತಿಂಗಳಿಗೆ ೧೨,೦೦೦ ರೂಪಾಯಿ ಕೊಡಿರೆಂದು ೨೦೨೦ರ ಜುಲೈನಲ್ಲಿ ಅವರು ಮುಷ್ಕರ ಹೂಡಬೇಕಾಯಿತು. ಅವರನ್ನು ಹೂಮಳೆಗರೆದು ವೀರರೆಂದು ಹೊಗಳಿದೆವು. ಅವರು ವೇತನ ಕೇಳಿದಾಗ ಸೇವೆಯ ಮಾತನ್ನು ಎತ್ತಿದೆವು.

ಎರಡನೆಯ ಕಾರಣವು ಶಾಲೆ. ೨೦೨೦ರ ಮಾರ್ಚಿನಲ್ಲಿ ಮುಚ್ಚಿದ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಬಾಗಿಲು ತೆರೆದದ್ದು ೨೦೨೧ರ ಅಕ್ಟೋಬರ್ ೨೫ರಂದು. ಅಂಗನವಾಡಿಗಳು ತೆರೆದದ್ದು ನವೆಂಬರ್ ೮ರಂದು. ಲೆಕ್ಕ ಹಾಕಿದರೆ ಹತ್ತೊಂಬತ್ತು ತಿಂಗಳುಗಳು! ಈ ಹತ್ತೊಂಬತ್ತು ತಿಂಗಳು ಆರು ವರ್ಷದ ಮಗುವನ್ನು ನೋಡಿಕೊಳ್ಳತಕ್ಕವರು ಯಾರು? ಅದರ ಮುಂದೆ ಮೊಬೈಲು ಹಿಡಿದು ಪಾಠಕ್ಕೆ ಕೂರಿಸತಕ್ಕವರು ಯಾರು? ಅಂಗಡಿಗಳು ತೆರೆದುವು, ಮದ್ಯದಂಗಡಿಗಳಂತೂ ೨೦೨೦ರ ಮೇ ತಿಂಗಳಲ್ಲಿಯೇ ತೆರೆದುವು, ಮದುವೆಯ ಛತ್ರಗಳು ತೆರೆದುವು, ಕಚೇರಿಗಳು ತೆರೆದುವು. ಶಿಶುಗಳ ಬಾಗಿಲು ಎಲ್ಲಕ್ಕೂ ಕೊನೆಗೆ ತೆರೆಯಿತು. ಮಕ್ಕಳ ಕ್ಷೇಮಕ್ಕಾಗಿಯೇ ಹೀಗೆ ಮಾಡಲಾಯಿತೆಂಬುದನ್ನು ನಾವು ಒಪ್ಪಬಲ್ಲೆವು. ಆದರೆ ಆ ಕ್ಷೇಮದ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಆ ಆಜ್ಞೆಗಳಲ್ಲಿ ಯಾವ ಅಧಿಕಾರಿಯೂ ಬರೆಯಲಿಲ್ಲ. ಕಚೇರಿಯು ಗಂಡನನ್ನು ಕರೆಯಿತು, ಶಾಲೆಯು ಮಗುವನ್ನು ಕರೆಯಲಿಲ್ಲ. ಇವೆರಡರ ನಡುವೆ ಇದ್ದ ಹೆಂಡತಿಯು ಮನೆಯಲ್ಲಿ ಉಳಿದಳು.

ಮೂರನೆಯ ಕಾರಣ ಮನೆಯ ಗಣಿತ. ಗಂಡನಿಗೆ ತಿಂಗಳಿಗೆ ೩೦,೦೦೦ ರೂಪಾಯಿ, ಹೆಂಡತಿಗೆ ೧೨,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಒಬ್ಬರು ಮನೆಯಲ್ಲಿರಲೇಬೇಕಾದರೆ ೧೨,೦೦೦ವನ್ನು ಬಿಡುವುದೇ ಜಾಣತನವೆಂದು ಯಾರಾದರೂ ಹೇಳುವರು. ಹೆಂಡತಿಯೂ ಹಾಗೆಯೇ ಹೇಳುವಳು. ಆ ತಿಂಗಳ ಮಟ್ಟಿಗೆ ಆ ಲೆಕ್ಕ ಸರಿಯೇ. ಆದರೆ ಹತ್ತೊಂಬತ್ತು ತಿಂಗಳು ಕೆಲಸ ಬಿಟ್ಟವಳಿಗೆ ಮರಳಿ ೧೨,೦೦೦ದ ಕೆಲಸ ಸಿಕ್ಕುವುದಿಲ್ಲ. ೮,೦೦೦ದ ಕೆಲಸ ಸಿಕ್ಕೀತು. ಗಂಡನ ಸಂಬಳವು ಅಷ್ಟರಲ್ಲಿ ಏರಿರುವುದು. ಮುಂದೆ ಅತ್ತೆಯವರಿಗೆ ಕಾಯಿಲೆಯಾದರೆ, ಮಗು ಹತ್ತನೆಯ ತರಗತಿಗೆ ಬಂದರೆ, ಅದೇ ಗಣಿತವು ಇನ್ನಷ್ಟು ಬಲವಾಗಿ ಅವಳನ್ನೇ ಮನೆಯಲ್ಲಿ ಕೂರಿಸುವುದು. ಒಮ್ಮೆಯ ಜಾಣತನವು ಹೀಗೆ ಜನ್ಮದ ಕಟ್ಟಳೆಯಾಗುತ್ತದೆ.

ಇದು ಬರಿಯ ಗಣಿತವೇ ಆಗಿದ್ದರೆ, ಗಂಡನ ಕೆಲಸ ಹೋಗಿ ಹೆಂಡತಿಯ ಕೆಲಸ ಉಳಿದ ಮನೆಗಳಲ್ಲಿ ತಕ್ಕಡಿಯು ತಿರುಗಬೇಕಾಗಿತ್ತು. ಮೇಲೆ ಹೇಳಿದ ಇಂಗ್ಲೆಂಡಿನ ಸಂಸ್ಥೆಯವರು ಅದನ್ನೂ ಪರೀಕ್ಷಿಸಿದರು. ಹೆಂಡತಿಯ ಕೆಲಸ ನಿಂತು ಗಂಡನ ಕೆಲಸ ನಡೆದ ಮನೆಗಳಲ್ಲಿ ಹೆಂಡತಿಯು ಗಂಡನಿಗಿಂತ ಬಹಳ ಹೆಚ್ಚಾಗಿ ಮನೆಯ ಕೆಲಸವನ್ನು ಹೊತ್ತಳು. ಗಂಡನ ಕೆಲಸ ನಿಂತು ಹೆಂಡತಿಯ ಕೆಲಸ ನಡೆದ ಮನೆಗಳಲ್ಲಿಯಾದರೋ, ಇಬ್ಬರೂ ಮನೆಯ ಕೆಲಸವನ್ನು ಹೆಚ್ಚು ಕಡಿಮೆ ಸಮನಾಗಿ ಹಂಚಿಕೊಂಡರಂತೆ. ಹೊರಗೆ ಇಡೀ ದಿನ ದುಡಿದ ಹೆಂಗಸು ಮನೆಯಲ್ಲಿ ಅರ್ಧ ಪಾಲು. ಹೊರಗೆ ದುಡಿಯದ ಗಂಡಸಿಗೂ ಅರ್ಧ ಪಾಲು! ಇದು ಕೂಡುವ ಕಳೆಯುವ ಲೆಕ್ಕವಾಗಲಾರದು. ಇದು ರೂಢಿ, ರೂಢಿಯು ಗಣಿತದ ಪಂಚೆಯುಟ್ಟು ಬಂದು ಕುಳಿತಿದೆ.

ಅಂಜನಾಪುರದ ಮೊದಲನೆಯ ಮನೆಯವರು, ನಮ್ಮಲ್ಲಿ ಹೀಗಿಲ್ಲ, ಇಬ್ಬರೂ ಮನೆಯಲ್ಲಿಯೇ ಕುಳಿತು ಕೆಲಸ ಮಾಡಿದೆವು ಎನ್ನಬಹುದು. ಅವರ ಮಾತಿನಲ್ಲಿ ಸತ್ಯಾಂಶವಿದೆ. ಮನೆಯಿಂದಲೇ ಕೆಲಸ ಮಾಡುವ ಪದ್ಧತಿಯು ಅನೇಕ ತಾಯಂದಿರ ನೌಕರಿಯನ್ನು ಉಳಿಸಿತು. ಆದರೆ ಕಚೇರಿಗೆ ಮರಳಿರೆಂದು ಕರೆ ಬಂದಾಗ ಏನಾಯಿತು? ದೇಶದ ಬಹು ದೊಡ್ಡ ಗಣಕಯಂತ್ರ ಸಂಸ್ಥೆಯಾದ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್‌ನವರು ೨೦೨೩ರ ತಮ್ಮ ವಾರ್ಷಿಕ ವರದಿಯಲ್ಲಿ, ಹಿಂದೆ ಇರುತ್ತಿದ್ದುದಕ್ಕೆ ವಿರುದ್ಧವಾಗಿ ಆ ವರ್ಷ ಗಂಡಸರಿಗಿಂತ ಹೆಂಗಸರೇ ಹೆಚ್ಚಿನ ಪ್ರಮಾಣದಲ್ಲಿ ಕೆಲಸ ಬಿಟ್ಟರೆಂದು ಹೇಳಿಕೊಂಡರು; ಮಹಾಮಾರಿಯ ಕಾಲದಲ್ಲಿ ಮನೆಯ ವ್ಯವಸ್ಥೆಗಳು ಬದಲಾದದ್ದು ಇದಕ್ಕೆ ಕಾರಣವಾಗಿರಬಹುದೆಂದು ಅವರ ಊಹೆ. ಮೂರು ವರ್ಷ ಹೆಂಡತಿಯು ಮನೆಯಲ್ಲಿದ್ದು ಮಗುವನ್ನೂ ಮುದುಕರನ್ನೂ ಅಡಿಗೆಯನ್ನೂ ನೌಕರಿಯನ್ನೂ ಒಟ್ಟಿಗೆ ನಡೆಯಿಸಿದಳು. ಮನೆಗೆ ಅದೇ ಅಭ್ಯಾಸವಾಯಿತು. ಅವಳು ಹೊರಗೆ ಹೊರಟ ದಿನ ಆ ಅಭ್ಯಾಸವು ಅಡ್ಡ ಬಂದಿತು.

ಗಂಡಸರು ಅಡಿಗೆಮನೆಗೆ ಕಾಲಿಡಲೇ ಇಲ್ಲವೆಂದು ನಾವು ಹೇಳುವುದಿಲ್ಲ. ೨೦೨೦ರ ಏಪ್ರಿಲ್ ತಿಂಗಳಲ್ಲಿ ಎಷ್ಟೋ ಮಂದಿ ಸಭ್ಯ ಗೃಹಸ್ಥರು ಮೊದಲ ಸಲ ತರಕಾರಿ ಹೆಚ್ಚಿದರು, ಪಾತ್ರೆ ತೊಳೆದರು, ಅದರ ಚಿತ್ರ ತೆಗೆದು ಬಂಧುಗಳಿಗೆ ಕಳುಹಿಸಿದರು. ಅಶೋಕ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞೆ ಅಶ್ವಿನಿ ದೇಶಪಾಂಡೆಯವರು ಇದನ್ನು ಅಂಕಿಗಳಿಂದಲೇ ತೋರಿಸಿದರು: ಆ ತಿಂಗಳು ಮನೆಗೆಲಸದಲ್ಲಿ ಗಂಡು ಹೆಣ್ಣಿನ ನಡುವಣ ಅಂತರವು ದೇಶದ ಹೆಚ್ಚಿನ ಭಾಗಗಳಲ್ಲಿ ಇಳಿಯಿತು. ಆದರೆ ಆಗಸ್ಟಿನ ಹೊತ್ತಿಗೆ ಗಂಡಸರ ಗಂಟೆಗಳು ಮತ್ತೆ ಇಳಿದುವು. ಹಿಂದಿನ ಮಟ್ಟಕ್ಕೆ ಪೂರ್ತಿಯಾಗಿ ಬೀಳಲಿಲ್ಲವೆಂಬುದೊಂದೇ ಸಮಾಧಾನ.

ಆ ಸಮಾಧಾನವಾದರೂ ಬಾಳಿತೇ? ಭಾರತ ಸರಕಾರದ ಅಂಕಿ ಅಂಶಗಳ ಕಚೇರಿಯವರು ೨೦೧೯ರಲ್ಲಿ ಒಮ್ಮೆಯೂ ೨೦೨೪ರಲ್ಲಿ ಇನ್ನೊಮ್ಮೆಯೂ ದೇಶದ ಜನರು ದಿನದ ಹೊತ್ತನ್ನು ಹೇಗೆ ಕಳೆಯುವರೆಂದು ಮನೆ ಮನೆಗೆ ಹೋಗಿ ಕೇಳಿದರು. ಮೊದಲನೆಯದು ಮಹಾಮಾರಿಗೆ ಮುಂಚೆ, ಎರಡನೆಯದು ಮಹಾಮಾರಿಯ ಬಳಿಕ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಕ್ಕಲಾರದು. ೨೦೧೯ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸಿಗೆ ಅದರಲ್ಲಿ ದಿನಕ್ಕೆ ೨೯೯ ನಿಮಿಷ ಹೋಗುತ್ತಿತ್ತು, ಮಾಡುವ ಗಂಡಸಿಗೆ ೯೭ ನಿಮಿಷ. ೨೦೨೪ರಲ್ಲಿ ಹೆಂಗಸಿಗೆ ೨೮೯, ಗಂಡಸಿಗೆ ೮೮. ಕಳೆದು ನೋಡೋಣ: ಹಿಂದಿನ ಅಂತರ ೨೦೨ ನಿಮಿಷ, ಈಗಿನದು ೨೦೧ ನಿಮಿಷ. ಐದು ವರ್ಷ, ಒಂದು ಮಹಾಮಾರಿ, ಎರಡು ಲಾಕ್‌ಡೌನು, ಅಷ್ಟೊಂದು ಭಾಷಣ, ಅಷ್ಟೊಂದು ಚಿತ್ರ. ಇವೆಲ್ಲ ಸೇರಿ ತಗ್ಗಿಸಿದ್ದು ಒಂದು ನಿಮಿಷವನ್ನು! ಸಂಬಳದ ಕೆಲಸವೇ ಮೊದಲಾದ ಸಂಪಾದನೆಯ ದುಡಿಮೆಯಲ್ಲಿ ತೊಡಗಿದವರ ಲೆಕ್ಕವೋ, ೨೦೧೯ರಲ್ಲಿ ಗಂಡಸಿಗೆ ದಿನಕ್ಕೆ ೪೫೯ ನಿಮಿಷ, ಹೆಂಗಸಿಗೆ ೩೩೩. ೨೦೨೪ರಲ್ಲಿ ೪೭೩ ಮತ್ತು ೩೪೧. ಅಲ್ಲಿ ಅಂತರವು ೧೨೬ರಿಂದ ೧೩೨ ನಿಮಿಷಕ್ಕೆ ಏರಿದೆ. ಮನೆಯೊಳಗೆ ಒಂದು ನಿಮಿಷ ತಗ್ಗಿ ಹೊರಗೆ ಆರು ನಿಮಿಷ ಹಿಗ್ಗಿದ ಈ ತಕ್ಕಡಿಯನ್ನು ಸಮಾನತೆಯ ತಕ್ಕಡಿಯೆಂದು ಕರೆಯುವುದಾದರೂ ಹೇಗೆ?

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಕೆಲಸದಲ್ಲಿರುವ ಇಲ್ಲವೆ ಕೆಲಸ ಹುಡುಕುವ ಹೆಂಗಸರ ಪ್ರಮಾಣವು ಮಹಾಮಾರಿಯ ಕಾಲದಲ್ಲಿ ಇಳಿಯಲೇ ಇಲ್ಲ, ಏರಿತು ಎಂದು ಸರಕಾರದ ದುಡಿಮೆಯ ಸಮೀಕ್ಷೆಯು ಹೇಳುತ್ತದೆ. ಹದಿನೈದು ವರ್ಷ ಮೀರಿದವರಲ್ಲಿ ೨೦೧೭-೧೮ರಲ್ಲಿ ನೂರಕ್ಕೆ ೨೩.೩ ಇದ್ದದ್ದು ೨೦೧೯-೨೦ರಲ್ಲಿ ೩೦ ಆಗಿ, ೨೦೨೩-೨೪ರಲ್ಲಿ ೪೧.೭ ಆಯಿತು. ಈ ಅಂಕಿಗಳನ್ನು ನಾವು ಮರೆಮಾಡುವುದಿಲ್ಲ. ಸಂತೋಷಪಡುವುದಕ್ಕೆ ಮುಂಚೆ ಬಿಡಿಸಿ ನೋಡುತ್ತೇವೆ. ದುಡಿಯುವ ಹೆಂಗಸರಲ್ಲಿ ಸ್ವಂತ ದುಡಿಮೆಯವರೆಂದು ಬರೆಯಿಸಿಕೊಂಡವರು ಇದೇ ಅವಧಿಯಲ್ಲಿ ನೂರಕ್ಕೆ ಸುಮಾರು ೫೨ರಿಂದ ೬೭ಕ್ಕೆ ಏರಿದರು. ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಕೂಲಿಯಿಲ್ಲದೆ ಕೈಗೂಡಿಸುವವರೂ ಈ ಲೆಕ್ಕದಲ್ಲಿಯೇ ಸೇರಿದ್ದಾರೆ. ಗಂಡನ ಆದಾಯ ಕುಗ್ಗಿದಾಗ ಹೆಂಡತಿ ಏನನ್ನಾದರೂ ಮಾಡಹೊರಡುತ್ತಾಳೆ. ಅದು ಏಳಿಗೆಯೋ ಸಂಕಟವೋ ಎಂಬುದನ್ನು ಅವಳ ಕೈಗೆ ಬಂದ ಹಣ ಹೇಳಬೇಕೇ ಹೊರತು ಪಟ್ಟಿಯಲ್ಲಿ ಸೇರಿದ ಹೆಸರು ಹೇಳಲಾರದು.

ಪರೋಪದೇಶ ಪಾಂಡಿತ್ಯವೆಂಬ ಅಪವಾದ ಬಾರದಿರಲೆಂದು ನಮ್ಮ ಕಚೇರಿಯ ಒಂದು ಸಂಗತಿಯನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕಾಗಿದೆ. ಕರಡಚ್ಚು ತಿದ್ದುತ್ತಿದ್ದ ಒಬ್ಬ ಮಹಿಳೆ ನಮ್ಮಲ್ಲಿ ಇದ್ದರು. ಮನೆ ಇದೇ ಅಂಜನಾಪುರದ ಕಡೆ, ಇಬ್ಬರು ಚಿಕ್ಕ ಮಕ್ಕಳು. ೨೦೨೦ರ ಜೂನಿನಲ್ಲಿ ಅವರು ಬಂದು, ಅರ್ಧ ದಿನದ ಕೆಲಸ ಕೊಟ್ಟರೆ ಮಾಡುವೆನೆಂದರು. ಮಕ್ಕಳ ಶಾಲೆ ತೆರೆದ ಮೇಲೆ ನಿಶ್ಚಿಂತೆಯಿಂದ ಬನ್ನಿರಮ್ಮ ಎಂದು ನಾವು ಹೇಳಿ ಕಳುಹಿಸಿದೆವು. ಅದನ್ನು ಔದಾರ್ಯವೆಂದೇ ಆಗ ಭಾವಿಸಿದ್ದೆವು. ಶಾಲೆ ತೆರೆಯಿತು, ಹದಿನಾರು ತಿಂಗಳ ಮೇಲೆ. ಅಷ್ಟರಲ್ಲಿ ಅವರ ಮೇಜಿನ ಮುಂದೆ ಇನ್ನೊಬ್ಬರು ಕುಳಿತಿದ್ದರು. ಮಕ್ಕಳಿದ್ದ ಗಂಡಸರೂ ನಮ್ಮಲ್ಲಿ ಹಲವರಿದ್ದರು. ನಿಮ್ಮ ಮಕ್ಕಳನ್ನು ಯಾರು ನೋಡಿಕೊಳ್ಳುವರೆಂದು ಅವರಲ್ಲಿ ಒಬ್ಬರನ್ನೂ ನಾವು ಕೇಳಲಿಲ್ಲ. ಈಗ ಆ ತಾಯಿ ಮನೆಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟುತ್ತಾರೆಂದು ಕೇಳಿದ್ದೇವೆ. ಸರಕಾರದ ಲೆಕ್ಕದಲ್ಲಿ ಅವರು ಸ್ವಂತ ದುಡಿಮೆಯವರು; ಏರಿದ ಅಂಕಿಯಲ್ಲಿ ಅವರೂ ಒಬ್ಬರು. ತಪ್ಪಕ್ಷರವನ್ನು ಹದ್ದಿನಂತೆ ಹಿಡಿಯುತ್ತಿದ್ದ ಆ ಕಣ್ಣುಗಳನ್ನು ಕಳೆದುಕೊಂಡ ನಷ್ಟವು ನಮ್ಮ ಪತ್ರಿಕೆಯದು. ಅದಕ್ಕೆ ಹೊಣೆ ಮಹಾಮಾರಿಯೊಂದೇ ಅಲ್ಲವೆಂಬುದು ನಮಗೆ ಗೊತ್ತು.

ಮನೆಯನ್ನು ನಡೆಯಿಸುವುದೂ ಒಂದು ದೊಡ್ಡ ಕೆಲಸವಲ್ಲವೇ, ಅದನ್ನೇಕೆ ಕೀಳುಗಳೆಯುವಿರಿ ಎಂದು ಹಿರಿಯರು ಕೇಳಬಹುದು. ಕೀಳುಗಳೆಯುವುದು ನಮ್ಮ ಉದ್ದೇಶವಲ್ಲ. ಇದನ್ನು ಕೆಲಸವೆಂದು ಎಣಿಸಬೇಕೆಂಬ ಮಾತು ನಮ್ಮ ರಾಷ್ಟ್ರೀಯ ಚಳವಳಿಯಷ್ಟೇ ಹಳೆಯದು. ೧೯೩೮ರಲ್ಲಿ ಕಾಂಗ್ರೆಸ್ಸಿನವರು ಏರ್ಪಡಿಸಿದ, ಜವಾಹರಲಾಲ ನೆಹರೂ ಅವರು ಅಧ್ಯಕ್ಷರಾಗಿದ್ದ ರಾಷ್ಟ್ರೀಯ ಯೋಜನಾ ಸಮಿತಿಯು ಸ್ತ್ರೀಯರ ಸ್ಥಾನದ ಬಗೆಗೆ ಪ್ರತ್ಯೇಕ ಉಪಸಮಿತಿಯನ್ನು ನೇಮಿಸಿತ್ತು. ಮನೆಯೊಳಗಿನ ದುಡಿಮೆಗೂ ಆರ್ಥಿಕ ಬೆಲೆಯುಂಟೆಂದು ಆ ಉಪಸಮಿತಿಯವರು ಆ ಕಾಲದಲ್ಲಿಯೇ ಹೇಳಿದರು. ಮಹಾಮಾರಿಯ ನಡುವೆಯೇ, ೨೦೨೧ರ ಜನವರಿ ೫ರಂದು, ಸರ್ವೋಚ್ಚ ನ್ಯಾಯಾಲಯದಲ್ಲಿ ಅಪಘಾತದ ಪರಿಹಾರದ ಮೊಕದ್ದಮೆಯೊಂದನ್ನು ತೀರ್ಮಾನಿಸುವಾಗ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಮೇಲೆ ಹೇಳಿದ ೨೯೯ ಮತ್ತು ೯೭ ನಿಮಿಷಗಳ ಲೆಕ್ಕವನ್ನೇ ಉದಾಹರಿಸಿ, ಗೃಹಿಣಿಯು ದುಡಿಯುವುದಿಲ್ಲವೆಂಬ ಭಾವನೆ ತಪ್ಪೆಂದು ಬರೆದರು. ೨೦೧೧ರ ಜನಗಣತಿಯಲ್ಲಿ ಮನೆಗೆಲಸವೇ ಮುಖ್ಯ ಕೆಲಸವೆಂದು ಹೇಳಿದ ಹೆಂಗಸರು ಸುಮಾರು ೧೬ ಕೋಟಿ, ಗಂಡಸರು ೫೮ ಲಕ್ಷದೊಳಗೆ ಎಂಬುದನ್ನೂ ಅವರು ಎತ್ತಿ ತೋರಿಸಿದರು. ಗೌರವವುಳ್ಳ ಕೆಲಸವಾದರೆ ಅದರಲ್ಲಿ ಗಂಡಸರು ಪಾಲುಗೊಳ್ಳಲು ಹಿಂಜರಿಯುವುದೇಕೆ? ಹೊಗಳಿಕೆಯನ್ನು ಒಬ್ಬರಿಗೂ ಸಂಬಳವನ್ನು ಇನ್ನೊಬ್ಬರಿಗೂ ಹಂಚುವುದು ನ್ಯಾಯದ ಹಂಚಿಕೆಯಲ್ಲ. ಗಂಡ ತೀರಿಕೊಂಡರೆ, ಕೈಬಿಟ್ಟರೆ, ಕುಡಿತಕ್ಕೆ ಬಿದ್ದರೆ, ಹೊಗಳಿಕೆಯಿಂದ ಮನೆಯ ಬಾಡಿಗೆ ಸಂದಾಯವಾಗದು. ಮಹಾಮಾರಿಯಲ್ಲಿ ಗಂಡಂದಿರನ್ನು ಕಳೆದುಕೊಂಡ ಸಾವಿರಾರು ಮಂದಿ ಹೆಂಗಸರು ಇದನ್ನು ಒಂದೇ ವಾರದಲ್ಲಿ ಕಲಿತರು.

ಸರಕಾರದವರು ಏನು ಮಾಡಿದರು? ೨೦೨೦ರ ಮೇ ೨೨ರಂದು ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ ೧೦ ಗಂಟೆ, ವಾರಕ್ಕೆ ೬೦ ಗಂಟೆಯವರೆಗೆ ಏರಿಸಲು ಅಪ್ಪಣೆಯಾಯಿತು. ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನೆ ಬಂದ ಬಳಿಕ ಜೂನಿನಲ್ಲಿ ಅದನ್ನು ಹಿಂದಕ್ಕೆ ಪಡೆದರು. ೨೦೨೩ರಲ್ಲಿ ವಾರದ ೪೮ ಗಂಟೆಗಳನ್ನು ಮೀರದೆ ದಿನಕ್ಕೆ ೧೨ ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ತಿದ್ದುಪಡಿಯು ಶಾಸನಸಭೆಯಲ್ಲಿ ಅಂಗೀಕೃತವಾಯಿತು. ಅದೇ ತಿದ್ದುಪಡಿಯು ಹೆಂಗಸರಿಗೆ ರಾತ್ರಿಯ ಪಾಳಿಯನ್ನೂ ತೆರೆಯಿತು. ಮನೆಯಲ್ಲಿ ಐದು ಗಂಟೆಯ ಕೆಲಸ ಕಾದಿರುವವಳಿಗೆ ಹನ್ನೆರಡು ಗಂಟೆಯ ಪಾಳಿಯು ಬಾಗಿಲು ತೆರೆದಂತೆ ತೋರಿದರೂ ಒಳಗೆ ಹೋಗಲು ಬಿಡದು. ದಿನ ಉದ್ದವಾದಷ್ಟೂ ಆ ಕೆಲಸವು ಮನೆಯಲ್ಲಿ ಹೆಂಡತಿಯುಳ್ಳವನಿಗೆ ಸಲ್ಲುವುದೇ ಹೊರತು ಹೆಂಡತಿಗೆ ಸಲ್ಲದು.

ಒಳ್ಳೆಯದನ್ನೂ ಹೇಳಬೇಕು. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯು ಬಸ್ಸಿನ ಖರ್ಚನ್ನು ಇಲ್ಲವಾಗಿಸಿ, ದೂರದ ಬಡಾವಣೆಯ ಹೆಂಗಸಿಗೆ ಕಡಮೆ ಸಂಬಳದ ಕೆಲಸಕ್ಕೂ ಹೋಗಿ ಬರುವುದನ್ನು ಗಿಟ್ಟುವಂತೆ ಮಾಡಿತು. ಅದೇ ವರ್ಷದ ಆಗಸ್ಟ್ ೩೦ರಂದು ಆರಂಭವಾದ ಗೃಹಲಕ್ಷ್ಮಿಯು ಮನೆಯೊಡತಿಯ ಹೆಸರಿಗೆ ತಿಂಗಳಿಗೆ ೨,೦೦೦ ರೂಪಾಯಿ ಗೊತ್ತುಮಾಡಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ಆ ವರ್ಷದ ಆಯವ್ಯಯದಲ್ಲಿ ಸಾರಲಾಯಿತು. ಇವುಗಳಲ್ಲಿ ಪ್ರಕೃತ ವಿಷಯಕ್ಕೆ ಅತಿ ಹತ್ತಿರವಾದದ್ದು ಕೂಸಿನ ಮನೆಯೇ. ಅದು ಹಳ್ಳಿಗೆ ಬಂದಿತು. ಹಳ್ಳಿಯ ಹೊಲವನ್ನೇ ನುಂಗಿ ಬೆಳೆದ ಅಂಜನಾಪುರದಂಥ ಬಡಾವಣೆಯ ಗಾರ್ಮೆಂಟ್ಸಿನ ತಾಯಿ, ಮನೆಗೆಲಸದ ತಾಯಿ, ಅದನ್ನು ಪಡೆಯುವುದು ಎಂದಿಗೆ? ೫೦ ಮಂದಿಗೆ ಮೇಲ್ಪಟ್ಟ ಉದ್ಯೋಗಿಗಳಿರುವ ಸಂಸ್ಥೆಗಳಲ್ಲಿ ಶಿಶುವಿಹಾರ ಇರಬೇಕೆಂದು ೨೦೧೭ರ ತಿದ್ದುಪಡಿಯು ವಿಧಿಸಿತು, ೨೦೨೦ರ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿಯೂ ಆ ವಿಧಿ ಉಳಿದಿದೆ. ಆದರೆ ನಾಲ್ಕು ಮನೆಗಳಲ್ಲಿ ದುಡಿಯುವವಳಿಗೆ ನಾಲ್ಕು ಮಂದಿ ಯಜಮಾನರಿದ್ದಾರೆ. ಅವಳಿಗೆ ೫೦ ಮಂದಿಯ ಸಂಸ್ಥೆ ಯಾವುದು?

ನಮ್ಮ ಸಲಹೆಗಳು ಸರಳವಾದುವು. ಪಿಡುಗು ಇನ್ನೊಮ್ಮೆ ಬಾರದೆಂದು ಯಾವ ವೈದ್ಯನೂ ಬರೆದುಕೊಟ್ಟಿಲ್ಲ. ಬಂದ ಪಕ್ಷದಲ್ಲಿ ಎಳೆಯ ಮಕ್ಕಳ ಶಾಲೆಗಳೂ ಅಂಗನವಾಡಿಗಳೂ ಎಲ್ಲಕ್ಕಿಂತ ಕೊನೆಗೆ ಮುಚ್ಚಿ ಎಲ್ಲಕ್ಕಿಂತ ಮೊದಲು ತೆರೆಯತಕ್ಕ ಕ್ರಮವನ್ನು ಅಧಿಕಾರಿಗಳು ಈಗಲೇ, ಶಾಂತಿಯ ಕಾಲದಲ್ಲಿಯೇ, ಬರೆದಿಡಬೇಕು. ನಗರದ ಪ್ರತಿಯೊಂದು ವಾರ್ಡಿನಲ್ಲಿ, ಬಸ್ಸಿನ ಇಲ್ಲವೆ ಮೆಟ್ರೋ ನಿಲ್ದಾಣದ ಸಮೀಪದಲ್ಲಿ, ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ತೆರೆದಿರುವ ಒಂದು ಕೂಸಿನ ಮನೆ ಇರಬೇಕು. ಮಗುವನ್ನು ಅಲ್ಲಿ ಬಿಡುವ ಹಕ್ಕು ತಾಯಿಗೆ ಹೇಗೋ ತಂದೆಗೂ ಹಾಗೆಯೇ ಇರಬೇಕು. ಉದ್ಯೋಗ ಕೊಡುವವರು, ನಮ್ಮನ್ನೂ ಸೇರಿಸಿಕೊಂಡು, ಸಂಕಟದ ಕಾಲದಲ್ಲಿ ಕೆಲಸದ ಗಂಟೆ ಕಡಿತ ಮಾಡಬೇಕಾದರೆ ಗಂಡಸರಿಗೂ ಹೆಂಗಸರಿಗೂ ಸಮನಾಗಿ ಮಾಡಬೇಕು. ಬಿಟ್ಟು ಹೋದವರಿಗೆ ಮರಳುವ ಅವಧಿಯನ್ನು ಕಾಗದದಲ್ಲಿ ಬರೆದುಕೊಡಬೇಕು. ಅಂಕಿ ಅಂಶಗಳ ಇಲಾಖೆಯವರು ದುಡಿಯುವ ಹೆಂಗಸರ ತಲೆಗಳನ್ನು ಮಾತ್ರ ಎಣಿಸದೆ, ಒಂದೇ ಮನೆಯ ಗಂಡ ಹೆಂಡಿರ ಗಂಟೆಗಳನ್ನೂ ಸಂಪಾದನೆಯನ್ನೂ ಜೋಡಿಯಾಗಿ ಎಣಿಸಿ ಪ್ರಕಟಿಸಬೇಕು.

ಇವೆಲ್ಲ ಸರಕಾರದವರೂ ಯಜಮಾನರೂ ಮಾಡತಕ್ಕ ಕೆಲಸಗಳು. ಉಳಿದ ಒಂದು ಕೆಲಸಕ್ಕೆ ಆಯವ್ಯಯದ ಮಂಜೂರಾತಿ ಬೇಡ, ಶಾಸನಸಭೆಯ ಒಪ್ಪಿಗೆ ಬೇಡ. ಈ ಪತ್ರಿಕೆಯನ್ನು ಬೆಳಗ್ಗೆ ಕಾಫಿಯೊಡನೆ ಓದುತ್ತಿರುವ ಗೃಹಸ್ಥ ಮಹಾಶಯರು, ಆ ಕಾಫಿಯನ್ನು ಕಾಸಿದವರು ಯಾರೆಂದೂ, ಆ ಹೊತ್ತಿನಲ್ಲಿ ಅವರು ಇನ್ನೇನು ಮಾಡಬಹುದಾಗಿತ್ತೆಂದೂ ಒಂದು ಕ್ಷಣ ಯೋಚಿಸಲಿ. ಐದು ವರ್ಷಗಳಲ್ಲಿ ದೇಶವೆಲ್ಲ ಸೇರಿ ಆ ಅಂತರದಿಂದ ಒಂದು ನಿಮಿಷವನ್ನು ತಗ್ಗಿಸಿದೆ. ನಾಳೆ ಬೆಳಗ್ಗೆ ನೀವು ಎದ್ದು ಮಗುವಿಗೆ ಸ್ನಾನ ಮಾಡಿಸಿ, ಊಟದ ಡಬ್ಬಿ ಕಟ್ಟಿ, ಶಾಲೆಯ ಬಾಗಿಲವರೆಗೆ ಬಿಟ್ಟುಬಂದರೆ, ನಿಮ್ಮ ಮನೆಯಲ್ಲಿ ಒಂದು ಗಂಟೆ ತಗ್ಗುವುದು. ಆ ಒಂದು ಗಂಟೆಯಲ್ಲಿ ನಿಮ್ಮ ಮನೆಯಾಕೆಯು ರೇಷ್ಮೆ ಸಂಸ್ಥೆಯ ನಿಲ್ದಾಣದಿಂದ ಹೊರಡುವ ರೈಲನ್ನು ಹಿಡಿಯಬಲ್ಲಳು.